ಬಿಟ್ಟ ಸ್ಥಳದಲ್ಲಿ ಬಿಟ್ಟುಹೋದವರು

ಸೂರಗೊಂಡನಕೊಪ್ಪದ ಹೆಸರು ನಾಡಿಗೆ ಗೊತ್ತಿರುವುದು ಸಂತ ಸೇವಾಲಾಲರಿಂದ. 1739ರ ಫೆಬ್ರುವರಿ 15ರಂದು ಅವರು ಹುಟ್ಟಿದ್ದು ಇಲ್ಲೇ ಎಂಬುದು ಬಂಜಾರರ ನಂಬಿಕೆ. ಭಾಯಾಗಡ ಎಂದು ಅವರು ಕರೆಯುವ ಈ ನೆಲಕ್ಕೆ ಪ್ರತಿ ವರ್ಷ ಫೆಬ್ರುವರಿಯ ನಡುವೆ ಮಾಲೆ ಧರಿಸಿದ ಭಕ್ತರು ದೂರದ ತಾಂಡಾಗಳಿಂದ ಬಂದು ಸೇರುತ್ತಾರೆ. ಒಂದು ಕಾಲಕ್ಕೆ ಈ ಊರು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅತ್ತ ಸೇರಿತು. ಆಮೇಲೆ ನ್ಯಾಮತಿಯೇ ತಾಲ್ಲೂಕಾಯಿತು. ಜಿಲ್ಲೆ ಬದಲಾಯಿತು, ತಾಲ್ಲೂಕು ಬದಲಾಯಿತು; ಜಾತ್ರೆ ಮುಗಿದು ತಿಂಗಳೊಪ್ಪತ್ತಿನಲ್ಲಿ ಬರುವ ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ ಇಂಗ್ಲಿಷ್ ಪತ್ರಿಕೆಯ ಬಗ್ಗೆ ಮಕ್ಕಳಿಗಿರುವ ಅಳುಕು ಮಾತ್ರ ಬದಲಾಗಲಿಲ್ಲ.

ಈ ಸೀಮೆಯ ತಾಂಡಾದ ಮಗು ಹೈಸ್ಕೂಲಿನ ಮೆಟ್ಟಿಲು ಹತ್ತುವಾಗ ಅದರ ಬೆನ್ನ ಮೇಲೆ ಮೂರು ಭಾಷೆಗಳಿರುತ್ತವೆ. ಮನೆಯಲ್ಲಿ ಅವ್ವ, ಅಜ್ಜಿಯರೊಡನೆ ಗೋರ್‌ಬೋಲಿ, ಅಂದರೆ ಲಂಬಾಣಿ. ಶಾಲೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕನ್ನಡ. ಪುಸ್ತಕದಲ್ಲಿ ಮಾತ್ರ ಇಂಗ್ಲಿಷ್. ಸರ್ಕಾರದ ಲೆಕ್ಕದಲ್ಲಿ ಕನ್ನಡ ಇದರ ಮೊದಲ ಭಾಷೆ, ಇಂಗ್ಲಿಷ್ ಎರಡನೆಯದು. ಮಗುವಿನ ಲೆಕ್ಕದಲ್ಲಿ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. 2011ರ ಜನಗಣತಿಯಲ್ಲಿ ದೇಶದಾದ್ಯಂತ ಲಂಬಾಣಿಯನ್ನು ತಾಯಿನುಡಿ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಜನಗಣತಿಯವರು ಅವರನ್ನೆಲ್ಲ ಹಿಂದಿಯ ಕೆಳಗೆ ಸೇರಿಸಿಬಿಟ್ಟಿದ್ದಾರೆ! ‘ಆ ಭಾಷೆಗೆ ಎಲ್ಲಿಯ ವ್ಯಾಕರಣ’ ಎಂದು ಮೂಗು ಮುರಿಯುವವರೂ ಇದ್ದಾರೆ. ರೊನಾಲ್ಡ್ ಟ್ರೇಲ್ ಎಂಬ ವಿದ್ವಾಂಸ 1970ರಷ್ಟು ಹಿಂದೆಯೇ ಲಮಾಣಿ ವ್ಯಾಕರಣವನ್ನು ಪುಸ್ತಕವಾಗಿ ಪ್ರಕಟಿಸಿದ್ದ ಸಂಗತಿ ಅವರಿಗೆ ತಿಳಿದಿರಲಾರದು.

ಹೀಗೆ ಎರಡು ವ್ಯಾಕರಣಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಬಂದ ಮಗುವಿನ ಮುಂದೆ ಜೂನ್ ತಿಂಗಳಲ್ಲಿ ಮೊದಲ ಇಂಗ್ಲಿಷ್ ಪರೀಕ್ಷೆ ಬರುತ್ತದೆ. ರಾಜ್ಯದ ಶಾಲೆಗಳಲ್ಲಿ ವರ್ಷಾರಂಭಕ್ಕೆ ನಡೆಯುವ ‘ಸೇತುಬಂಧ’ದ ಭಾಗ ಅದು. ಹಿಂದಿನ ತರಗತಿಯಲ್ಲಿ ಕಲಿತದ್ದೆಷ್ಟು, ಕಲಿಯದೆ ಉಳಿದದ್ದೆಷ್ಟು ಎಂದು ಮೊದಲು ನೋಡಿ, ಕೊರತೆಯನ್ನು ಕೆಲವು ದಿನ ಪಾಠಮಾಡಿ ತುಂಬಿ, ಕೊನೆಗೆ ಸಾಫಲ್ಯ ಪರೀಕ್ಷೆ ನಡೆಸುವ ಕ್ರಮ. ಮೊದಲನೆಯದಕ್ಕೆ ನೈದಾನಿಕ ಪರೀಕ್ಷೆ ಎಂದು ಹೆಸರು. ನಿದಾನ ಎಂದರೆ ವೈದ್ಯರ ಮಾತಿನಲ್ಲಿ ರೋಗದ ಮೂಲ ಪತ್ತೆಮಾಡುವುದು. ಎಷ್ಟೋ ಕಡೆ ಈ ‘ನಿದಾನ’ದ ದಕಾರ ಧಕಾರವಾಗಿ, ‘ಈ ಹುಡುಗ ನಿಧಾನ’ ಎಂಬ ಹಣೆಪಟ್ಟಿ ಅಂಟಿಸುವುದರಲ್ಲೇ ಪರೀಕ್ಷೆ ಮುಗಿಯುತ್ತದೆ.

ಹಣೆಪಟ್ಟಿಯ ಬೆಲೆ ಸಣ್ಣದಲ್ಲ. ಎಂಟನೇ ತರಗತಿಯ ಜೂನ್‌ನಲ್ಲಿ ‘ಇಂಗ್ಲಿಷ್ ಬರುವುದಿಲ್ಲ’ ಎಂದು ಪಟ್ಟಿಯಲ್ಲಿ ಸೇರಿದ ಹುಡುಗಿ ಹಿಂದಿನ ಬೆಂಚಿಗೆ ಹೋಗುತ್ತಾಳೆ. ಹಿಂದಿನ ಬೆಂಚಿಗೆ ಪ್ರಶ್ನೆ ಬರುವುದು ಕಡಿಮೆ. ಪ್ರಶ್ನೆ ಬಾರದವಳು ಬಾಯಿ ತೆರೆಯುವುದಿಲ್ಲ. ಎರಡು ವರ್ಷ ಕಳೆದು ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಇಂಗ್ಲಿಷಿನ 100 ಅಂಕ ಎದುರಾದಾಗ ಪಟ್ಟಿಯ ಮಾತು ನಿಜವಾಗಿರುತ್ತದೆ. ‘ಫೇಲಾದಳು, ಇನ್ನು ಮದುವೆ ಮಾಡಿ’ ಎನ್ನುವ ಮನೆಗಳು ಇನ್ನೂ ಇಲ್ಲವಾಗಿಲ್ಲ.

ಸೊನ್ನೆಯ ಹಿಂದೆ ಏನಿದೆ?

ಒಂದು ಮಾದರಿ ಪ್ರಶ್ನೆ ತೆಗೆದುಕೊಳ್ಳೋಣ. ‘ಫಿಲ್ ಇನ್ ದ ಬ್ಲ್ಯಾಂಕ್ಸ್ ವಿತ್ ಸೂಟಬಲ್ ಪ್ರಿಪೊಸಿಷನ್ಸ್’ ಎಂಬ ಸೂಚನೆ. ಅದರ ಕೆಳಗೆ ‘ದ ಕ್ಯಾಟ್ ಈಸ್ ಡ್ಯಾಶ್ ದ ಟೇಬಲ್’ ಎಂಬ ವಾಕ್ಯ. ಮಗು ಬರೆಯಲಿಲ್ಲ. ಸೊನ್ನೆ.

ಈ ಸೊನ್ನೆಯ ಅರ್ಥವೇನು? ಮಗುವಿಗೆ ‘ಆನ್’, ‘ಅಂಡರ್’ ಗೊತ್ತಿಲ್ಲ ಎಂದೇ? ಇರಬಹುದು. ಆದರೆ ‘ಸೂಟಬಲ್’ ಎಂದರೇನೆಂದು ಗೊತ್ತಿರದೆಯೂ ಬಿಟ್ಟಿರಬಹುದು. ‘ಪ್ರಿಪೊಸಿಷನ್’ ಎಂಬ ಹೆಸರು ಮರೆತಿದ್ದು, ಆ ಪದಗಳನ್ನು ಬಳಸಲು ಬರುತ್ತಿರಬಹುದು. ಓದುವ ವೇಗ ಸಾಲದೆ ಅಲ್ಲಿಗೆ ತಲುಪುವಷ್ಟರಲ್ಲಿ ಗಂಟೆ ಹೊಡೆದಿರಬಹುದು. ಅಥವಾ ಅಪ್ಪ ಅಮ್ಮ ಕಬ್ಬು ಕಡಿಯಲೋ, ಕಾಫಿ ಹಣ್ಣು ಕೊಯ್ಯಲೋ ಗುಳೆ ಹೋದಾಗ ಜೊತೆಗೆ ಹೋಗಿ, ಆ ಪಾಠದ ದಿನ ಶಾಲೆಯಲ್ಲೇ ಇರದಿದ್ದಿರಬಹುದು. ಇವುಗಳಲ್ಲಿ ವ್ಯಾಕರಣದ ಕೊರತೆ ಒಂದೇ ಒಂದು. ಉಳಿದವು ಬೇರೆ ಬೇರೆ ಕಾಯಿಲೆಗಳು, ಬೇರೆ ಬೇರೆ ಮದ್ದು ಬೇಡುವಂಥವು. ಸೊನ್ನೆಯೊಂದೇ ಎಲ್ಲಕ್ಕೂ ಒಂದೇ ಚೀಟಿ ಬರೆದುಕೊಡುತ್ತದೆ.

ಇನ್ನೊಂದು ತಮಾಷೆ ಇದೆ. ಬೆಕ್ಕು ಮೇಜಿನ ಮೇಲೂ ಇರಬಹುದು, ಕೆಳಗೂ ಇರಬಹುದು, ಪಕ್ಕದಲ್ಲೂ ಇರಬಹುದು. ಪಕ್ಕದಲ್ಲಿ ಚಿತ್ರವಿಲ್ಲದ ಮೇಲೆ ‘ನಿಯರ್’ ಎಂದು ಬರೆದ ಹುಡುಗನ ಉತ್ತರ ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ಆದರೂ ಉತ್ತರ ಪಟ್ಟಿಯಲ್ಲಿ ‘ಆನ್’ ಎಂದಿರುವುದರಿಂದ ಆತನಿಗೆ ಕೆಂಪು ಗೆರೆ ಬೀಳುತ್ತದೆ. ಹೀಗೆ ಸರಿ ಬರೆದು ಅಂಕ ಕಳೆದುಕೊಂಡ ಮಗು ಮುಂದಿನ ಸಲ ಯೋಚನೆ ಮಾಡುವುದಿಲ್ಲ, ಗೈಡು ನೋಡಿ ಬಾಯಿಪಾಠ ಮಾಡುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಸೂಚನೆಯನ್ನು ಕನ್ನಡದಲ್ಲಿ ಕೊಟ್ಟರೆ ಅರ್ಧ ತೊಡಕು ಅಲ್ಲಿಗೇ ಬಗೆಹರಿಯುತ್ತದೆ. ‘ಇಂಗ್ಲಿಷ್ ಪರೀಕ್ಷೆಯಲ್ಲಿ ಕನ್ನಡವೇ?’ ಎಂದು ಹುಬ್ಬೇರಿಸುವ ಮೇಷ್ಟ್ರುಗಳಿದ್ದಾರೆ. ಅಳೆಯಬೇಕಾದದ್ದು ಸೂಚನೆ ಓದುವ ಶಕ್ತಿಯನ್ನಾದರೆ ಅವರ ಮಾತು ಸರಿ. ವ್ಯಾಕರಣವನ್ನಾದರೆ ಸೂಚನೆ ಯಾವ ಭಾಷೆಯಲ್ಲಿದ್ದರೇನು? ಇನ್ನೂ ಒಳ್ಳೆಯದೆಂದರೆ ಪ್ರತಿ ಪ್ರಶ್ನೆಯ ಮೊದಲ ವಾಕ್ಯವನ್ನು ಉತ್ತರ ಸಮೇತ ಅಚ್ಚುಹಾಕುವುದು, ಅದನ್ನೇ ಕರಿಹಲಗೆಯ ಮೇಲೂ ಮಾಡಿ ತೋರಿಸುವುದು. ‘ಸಾರ್, ಇಲ್ಲಿ ಏನು ಬರೀಬೇಕು?’ ಎಂದು ಪರೀಕ್ಷೆಯ ಮಧ್ಯೆ ಕೈ ಎತ್ತುವ ಮಗು ನಿಜಕ್ಕೂ ಪ್ರಶ್ನೆಪತ್ರಿಕೆಯನ್ನು ತಿದ್ದುತ್ತಿರುತ್ತದೆ.

ಬೆಂಗಳೂರಿನಲ್ಲಿ ನಡೆದದ್ದು

ಪರೀಕ್ಷೆಯ ರೀತಿ ಬದಲಾದರೆ ಜಾಣರ ಪಟ್ಟಿಯೂ ಬದಲಾಗುತ್ತದೆ ಎನ್ನುವುದಕ್ಕೆ ಪುರಾವೆ ಹುಡುಕಿಕೊಂಡು ವಿಲಾಯತಿಗೆ ಹೋಗಬೇಕಾಗಿಲ್ಲ. ಇಂಗ್ಲಿಷ್ ಬೋಧನೆಯ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಪುಸ್ತಕ ಬರೆದರೂ ಬರುವ ಒಂದು ಹೆಸರು ‘ಬೆಂಗಳೂರು ಪ್ರಾಜೆಕ್ಟ್’. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ, ಬ್ರಿಟಿಷ್ ಕೌನ್ಸಿಲ್ಲೂ ಅದರ ಹಿಂದಿದ್ದವು.

ಆಗ ಎಲ್ಲೆಡೆ ನಡೆಯುತ್ತಿದ್ದುದು ರಚನಾ ಪದ್ಧತಿ. ಒಂದು ವಾಕ್ಯರಚನೆ ತೆಗೆದುಕೊಂಡು ಅದನ್ನೇ ಹತ್ತಾರು ಸಲ ಹೇಳಿಸುವುದು, ಅದು ಮುಗಿದ ಮೇಲೆ ಮುಂದಿನದು. ಪ್ರಭು ಬೇರೆ ದಾರಿ ಹಿಡಿದರು. ವ್ಯಾಕರಣದ ಪಾಠವನ್ನೇ ಬದಿಗಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು, ಇಂಗ್ಲಿಷಿನಲ್ಲೇ ಸಮಸ್ಯೆ ಕೊಟ್ಟು ಬಿಡಿಸಲು ಹೇಳಿದರು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ವಾದ. 1987ರಲ್ಲಿ ಅದನ್ನೆಲ್ಲ ಪುಸ್ತಕವಾಗಿಯೂ ಬರೆದರು.

ವಾದವೇನೋ ಸರಿ, ಫಲ ಬಂದಿದೆಯೇ ಎಂದು ನೋಡುವುದು ಹೇಗೆ? ಆ ಕೆಲಸಕ್ಕೆ ಬಂದವರು ಅಲನ್ ಬೆರೆಟ್ಟ ಮತ್ತು ಅಲನ್ ಡೇವೀಸ್. ಅವರ ವರದಿ ಪ್ರಕಟವಾದದ್ದು 1985ರಲ್ಲಿ. ಅವರಿಗೆ ಎದುರಾದ ತೊಡಕು ಇಂದು ನ್ಯಾಮತಿಯ ಶಿಕ್ಷಕರಿಗೆ ಎದುರಾಗುವಂಥದೇ. ವಾಕ್ಯರಚನೆಯ ಪರೀಕ್ಷೆ ಕೊಟ್ಟರೆ ಹಳೆ ಪದ್ಧತಿಯವರಿಗೆ ಅನುಕೂಲ, ಸಮಸ್ಯೆ ಬಿಡಿಸುವ ಪರೀಕ್ಷೆ ಕೊಟ್ಟರೆ ಪ್ರಭು ಅವರ ಮಕ್ಕಳಿಗೆ ಅನುಕೂಲ. ಹಾಗಾಗಿ ಅವರು ಒಂದಲ್ಲ, ಐದು ಪರೀಕ್ಷೆಗಳನ್ನು ಕಟ್ಟಿದರು. ಬಿಡಿ ರಚನೆಗಳದೊಂದು. ಕೆಲಸ ಮಾಡಿ ತೋರಿಸುವುದೊಂದು. ಎರಡೂ ಕಡೆಗೆ ವಾಲದಂತೆ ಇನ್ನು ಮೂರು: ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಕೇಳಿ-ಓದಿ ಅರ್ಥಮಾಡಿಕೊಳ್ಳುವುದು.

ಫಲಿತಾಂಶವನ್ನು ಒಟ್ಟಾರೆ ನೋಡಿದರೆ, ಬಿಡಿ ರಚನೆಗಳಲ್ಲಿ ಹಳೆ ಪದ್ಧತಿಯ ಮಕ್ಕಳು ಮುಂದಿದ್ದರು. ಕೆಲಸದ ಪರೀಕ್ಷೆಯಲ್ಲಿ ಹೊಸ ಪದ್ಧತಿಯವರು. ಸಂದರ್ಭದೊಳಗಿನ ವ್ಯಾಕರಣದಲ್ಲೂ, ಉಕ್ತಲೇಖನದಲ್ಲೂ ಮೇಲುಗೈ ಹೊಸ ಪದ್ಧತಿಯವರದೇ. ಅಂದರೆ ಒಂದೇ ತರಗತಿಯ ಮಕ್ಕಳು ಬಿಡಿ ವಾಕ್ಯದ ಪತ್ರಿಕೆ ಕೈಗೆ ಬಂದಾಗ ಹಿಂದುಳಿದವರು, ಅದೇ ವ್ಯಾಕರಣವನ್ನು ಒಂದು ಸಣ್ಣ ಕಥೆಯೊಳಗೆ ಇಟ್ಟು ಕೇಳಿದಾಗ ಮುಂದಿರುವವರು! ಪ್ರಯೋಗದ ಲೆಕ್ಕಾಚಾರದ ಬಗ್ಗೆ ಆಮೇಲೆ ಪಂಡಿತರು ಬೇಕಾದಷ್ಟು ಜಗಳವಾಡಿದ್ದಾರೆ. ಒಂದೇ ಬಗೆಯ ಪ್ರಶ್ನೆಯಿಂದ ಮಗುವನ್ನು ಅಳೆಯಬಾರದು ಎಂಬ ಪಾಠಕ್ಕೆ ಆ ಜಗಳದಿಂದ ಧಕ್ಕೆಯಿಲ್ಲ.

ಪ್ರಶ್ನೆ ಕಟ್ಟುವ ಕಸುಬು

ಹೈಸ್ಕೂಲಿನ ವ್ಯಾಕರಣ ಪತ್ರಿಕೆಗಳಲ್ಲಿ ತೀರ ಪರಿಚಿತವಾದ ಪ್ರಶ್ನೆ ಕ್ರಿಯಾಪದದ್ದು. ‘ಹಿ ಡ್ಯಾಶ್ ಟು ಸ್ಕೂಲ್ ಎವ್ರಿಡೇ’, ಪಕ್ಕದಲ್ಲಿ ಕಂಸದೊಳಗೆ ‘ಗೋ’. ಮಕ್ಕಳು ಇದಕ್ಕೊಂದು ಯುಕ್ತಿ ಕಂಡುಕೊಂಡಿದ್ದಾರೆ, ಟ್ಯೂಷನ್ನಿನವರೂ ಅದನ್ನೇ ಹೇಳಿಕೊಡುತ್ತಾರೆ. ‘ಎವ್ರಿಡೇ’ ಕಂಡರೆ ‘ಎಸ್’ ಹಚ್ಚು, ‘ನೌ’ ಕಂಡರೆ ‘ಇಂಗ್’ ಹಚ್ಚು, ‘ಯೆಸ್ಟರ್‌ಡೇ’ ಕಂಡರೆ ಎರಡನೇ ರೂಪ ಬರೆ. ವಾಕ್ಯ ಓದಲೇಬೇಕಿಲ್ಲ, ಕೊನೆಯ ಪದ ನೋಡಿದರೆ ಸಾಕು. ಅದೇ ಹುಡುಗನಿಗೆ ‘ನಿನ್ನೆ ಜಾತ್ರೆಯಲ್ಲಿ ಏನೇನು ಮಾಡಿದೆ, ಮೂರು ವಾಕ್ಯ ಬರೆ’ ಎಂದರೆ ‘ಐ ಗೋ, ಐ ಸೀ, ಐ ಈಟ್’ ಎಂದು ಬರೆಯುತ್ತಾನೆ. ಪರೀಕ್ಷೆಯಲ್ಲಿ ಐದಕ್ಕೆ ಐದು, ಬಳಕೆಯಲ್ಲಿ ಸೊನ್ನೆ. ಸೂಚಕ ಪದವನ್ನು ತೆಗೆದು, ಐದಾರು ವಾಕ್ಯದ ಒಂದು ಪುಟ್ಟ ಪ್ರಸಂಗ ಕೊಟ್ಟು, ಯಾವ ಕಾಲ ಎಂಬುದನ್ನು ಪ್ರಸಂಗದಿಂದಲೇ ತಿಳಿಯುವಂತೆ ಮಾಡಿದರೆ ಯುಕ್ತಿ ನಡೆಯದು. ಅಜ್ಜಿ ಮೂರು ಆಡು ಸಾಕಿದ್ದಾಳೆ, ಬೆಳಗ್ಗೆ ಅವನ್ನು ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾಳೆ, ಒಂದು ದಿನ ಒಂದು ಆಡು ಕಾಣೆಯಾಯಿತು. ಇಷ್ಟು ಸಾಕು. ಇದರಲ್ಲಿ ರೂಢಿಯ ವರ್ತಮಾನವೂ ಬಂತು, ಭೂತವೂ ಬಂತು. ಆಡು, ಬಾವಿ, ಮೆಕ್ಕೆಜೋಳ, ಬಸ್ ನಿಲ್ದಾಣಗಳ ಇಂಗ್ಲಿಷ್ ಹೆಸರುಗಳನ್ನು ಮೊದಲೇ ಕಲಿಸಿ, ಅವನ್ನೇ ಪತ್ರಿಕೆಯಲ್ಲಿ ಬಳಸಬೇಕು. ಹಿಮ, ಸ್ಲೆಡ್ಜು, ಸ್ಟ್ರಾಬೆರಿಗಳು ವ್ಯಾಕರಣ ಪರೀಕ್ಷೆಯಲ್ಲಿ ಇರಬೇಕಾದ ತುರ್ತು ಏನೂ ಇಲ್ಲ.

ಈ ‘ಎಸ್’ ಹಚ್ಚುವ ವಿಚಾರ ಸ್ವಲ್ಪ ನಿಂತು ನೋಡುವಂಥದು. ಕನ್ನಡದ ಮಗುವಿಗೆ ಕ್ರಿಯಾಪದ ಕರ್ತೃವಿಗೆ ತಕ್ಕಂತೆ ತಿರುಗುವುದು ಹೊಸದಲ್ಲ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತವೆ ಎಂದು ಯೋಚಿಸದೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಉಳಿದೆಲ್ಲ ಕಡೆ ‘ಗೋ’ ಬೋಳು. ಒಂದು ಕಡೆ ಮಾತ್ರ ಬಾಲ. ಎಲ್ಲ ಕಡೆ ಇದ್ದಿದ್ದರೆ ನೆನಪಿರುತ್ತಿತ್ತು, ಒಂದೇ ಕಡೆ ಇರುವುದರಿಂದ ಮರೆಯುತ್ತದೆ. ಕಲಿಸಲು ಐದು ನಿಮಿಷ ಸಾಕು, ರೂಢಿಗೆ ಬರಲು ವರ್ಷಗಳು ಬೇಕು. ಇಂಗ್ಲಿಷ್ ತಾಯಿನುಡಿಯಾದ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ಬರೆದಿಟ್ಟು ರೋಜರ್ ಬ್ರೌನ್ 1973ರಲ್ಲಿ ತೋರಿಸಿದ್ದೂ ಇದನ್ನೇ. ‘ಇಂಗ್’ ಬೇಗ ಬರುತ್ತದೆ, ಕ್ರಿಯಾಪದದ ಈ ‘ಎಸ್’ ತಡವಾಗಿ ಬರುತ್ತದೆ. ಅದರ ಬೆನ್ನಿಗೇ ಹೈಡಿ ಡುಲೆ, ಮರೀನಾ ಬರ್ಟ್ ಎಂಬಿಬ್ಬರು ಸ್ಪ್ಯಾನಿಶ್ ಮತ್ತು ಚೀನೀ ಮನೆಮಾತಿನ ಮಕ್ಕಳನ್ನು ನೋಡಿದರು. ಅಲ್ಲೂ ಅದು ಕೊನೆಯ ಸಾಲಿನಲ್ಲೇ ನಿಂತಿತ್ತು. ಇಂಗ್ಲೆಂಡು ಅಮೆರಿಕದ ಕೂಸುಗಳೇ ತಡವಾಗಿ ದಕ್ಕಿಸಿಕೊಳ್ಳುವ ಬಾಲವನ್ನು ನಮ್ಮ ಆರಂಭದ ಪತ್ರಿಕೆಗಳು ಮೊದಲ ಪ್ರಶ್ನೆಯಾಗಿ ಕೇಳಿ ಅಂಕ ಕಳೆಯುತ್ತವೆ. ಕೇಳಬಾರದೆಂದಲ್ಲ. ಇಪ್ಪತ್ತು ಅಂಕದ ಪತ್ರಿಕೆಯಲ್ಲಿ ಒಂದೆರಡು ಅಂಕಕ್ಕೆ ಕೇಳಲಿ, ಅದು ತಪ್ಪಿದವನನ್ನು ದಡ್ಡರ ಸಾಲಿಗೆ ಸೇರಿಸದಿರಲಿ.

‘ಎ’, ‘ಆ್ಯನ್’ ಪ್ರಶ್ನೆಯದು ತದ್ವಿರುದ್ಧ ಕಥೆ. ನೋಡಲು ಅದು ಸುಲಭ. ಮುಂದಿನ ಪದ ಸ್ವರದಿಂದ ಶುರುವಾದರೆ ‘ಆ್ಯನ್’. ಎಲಿಫೆಂಟಿಗೆ ‘ಆ್ಯನ್’ ಬರೆದು ಮಗು ಅಂಕ ಗಿಟ್ಟಿಸುತ್ತದೆ. ಕನ್ನಡಕ್ಕೆ ನಿಜವಾಗಿ ಹೊಸದಾಗಿರುವುದು ಅದಲ್ಲ. ‘ಎ’ ಎಲ್ಲಿ, ‘ದ’ ಎಲ್ಲಿ, ಎರಡೂ ಬೇಡದ್ದು ಎಲ್ಲಿ ಎಂಬುದು. ನಮ್ಮಲ್ಲಿ ‘ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ರಾಜನಿಗೆ ಇಬ್ಬರು ಮಕ್ಕಳು’ ಎನ್ನುತ್ತೇವೆ. ಮೊದಲ ರಾಜನಿಗೆ ‘ಒಬ್ಬ’ ಇದೆ, ಎರಡನೇ ರಾಜನಿಗೆ ಏನೂ ಇಲ್ಲ. ಇಂಗ್ಲಿಷಿನಲ್ಲಿ ಆ ಎರಡನೇ ರಾಜನಿಗೆ ‘ದ’ ಬೇಕು. ಅಜ್ಜಿ ಹೇಳುವ ಕಥೆಯ ಈ ಎರಡು ಸಾಲನ್ನೇ ಇಂಗ್ಲಿಷಿಗೆ ತಂದು, ಖಾಲಿ ಜಾಗ ಬಿಟ್ಟು ಕೇಳಿದರೆ ಆನೆಯ ಪ್ರಶ್ನೆಗಿಂತ ಹತ್ತು ಪಟ್ಟು ವಿಷಯ ತಿಳಿಯುತ್ತದೆ.

ಇನ್ನು ಕರ್ತರಿ-ಕರ್ಮಣಿ. ರಾಮ ರಾವಣನನ್ನು ಕೊಂದ ವಾಕ್ಯವನ್ನು ತಿರುಗಿಸಿ ಬರೆಯದ ಹೈಸ್ಕೂಲು ಭಾರತದಲ್ಲಿ ಇರಲಾರದು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕನ್ನಡದಲ್ಲೇ ಯಾರೂ ಮಾತನಾಡುವುದಿಲ್ಲ. ಹೀಗಿರುವಾಗ ಎಂಟನೇ ತರಗತಿಯ ಮೊದಲ ತಿಂಗಳಲ್ಲಿ ಅದನ್ನು ಕೇಳುವುದೇಕೆ? ಕಾರಣ ಸರಳ, ಹತ್ತನೇ ತರಗತಿಯ ಪತ್ರಿಕೆಯಲ್ಲಿ ಅದು ಬರುತ್ತದೆ. ‘ಅಲ್ಲವೇ’ ಎಂಬ ನಮ್ಮ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ಹತ್ತಾರು ರೂಪ ಬೇಡುವ ಕ್ವೆಶ್ಚನ್ ಟ್ಯಾಗೂ ಹಾಗೆಯೇ ಕೆಳಗಿಳಿದು ಬಂದಿದೆ. ಎಸ್ಸೆಸ್ಸೆಲ್ಸಿಯ ಪ್ರಶ್ನೆಗಳು ಒಂಬತ್ತಕ್ಕೆ, ಒಂಬತ್ತರವು ಎಂಟಕ್ಕೆ ಸೋರುತ್ತವೆ. ಮೇಲಿನ ಮನೆಯ ನೀರು ಕೆಳಗಿನ ಮನೆಯ ಗೋಡೆಗೆ ಇಳಿದಂತೆ. ಪಾಲಕರು ಮಕ್ಕಳಿಗೆಂದು ಕೊಂಡು ತರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಕಥೆಯೂ ಅಷ್ಟೆ. 1930ರ ದಶಕದ ಆ ಪುಸ್ತಕ ಇಂಗ್ಲಿಷ್ ಬಲ್ಲವರಿಗೆ ಒಳ್ಳೆಯ ಆಕರ, ‘ದಿಸ್ ಈಸ್’ ಹಂತದಲ್ಲಿರುವ ಮಗುವಿಗೆ ಅದು ಬೆಟ್ಟ.

ತಪ್ಪು ವಾಕ್ಯ ಕೊಟ್ಟು ತಿದ್ದಿಸುವ ಪ್ರಶ್ನೆಯನ್ನೂ ಆರಂಭದಲ್ಲಿ ದೂರವಿಡುವುದು ಲೇಸು. ಸರಿಯಾದದ್ದೇ ಇನ್ನೂ ಗಟ್ಟಿಯಾಗದ ಕಣ್ಣಿಗೆ ತಪ್ಪನ್ನು ಅಚ್ಚಿನಲ್ಲಿ ತೋರಿಸಿದರೆ ಉಳಿಯುವುದು ತಪ್ಪೇ.

ಹಾಗಾದರೆ ಏನು ಕೇಳಬೇಕು? ಮೆಟ್ಟಿಲು ಮೆಟ್ಟಿಲಾಗಿ ಕೇಳಬೇಕು. ಮೊದಲು ಚಿತ್ರ ನೋಡಿ ಎರಡು ವಾಕ್ಯಗಳಲ್ಲಿ ಹೊಂದುವುದಕ್ಕೆ ಗುರುತು ಹಾಕುವುದು, ಅಲ್ಲಿ ಬರೆಯುವ ಕಷ್ಟವಿಲ್ಲ. ಆಮೇಲೆ ಕೊಟ್ಟ ಪದಗಳಿಂದ ಆರಿಸಿ ಪ್ರಸಂಗ ಪೂರ್ತಿ ಮಾಡುವುದು. ಆಮೇಲೆ ಚದುರಿದ ಪದಗಳನ್ನು ಜೋಡಿಸಿ ವಾಕ್ಯ ಮಾಡುವುದು. ಕನ್ನಡದಲ್ಲೂ ಗೋರ್‌ಬೋಲಿಯಲ್ಲೂ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ನಮ್ಮ ಮಕ್ಕಳಿಗೆ ಅತ್ಯಂತ ಉಪಯುಕ್ತ ಪ್ರಶ್ನೆ. ‘ಐ ಮ್ಯಾಂಗೊ ಈಟ್’ ಎಂದು ಜೋಡಿಸಿದ ಮಗು ತಾನು ಎಲ್ಲಿದ್ದೇನೆಂದು ಸ್ಪಷ್ಟವಾಗಿ ಹೇಳುತ್ತಿದೆ. ಕೊನೆಗೆ ಸ್ವಂತದ ಎರಡು ಮೂರು ವಾಕ್ಯ. ಊರಿನ ಬಸ್ ನಿಲ್ದಾಣದ ಚಿತ್ರವಿರಲಿ, ನ್ಯಾಮತಿ, ಹೊನ್ನಾಳಿ, ಶಿವಮೊಗ್ಗ ಎಂದು ಫಲಕ ಹಾಕಿದ ಮೂರು ಬಸ್ಸುಗಳಿರಲಿ, ಕಂಡದ್ದನ್ನು ಬರೆಯಲಿ. ಇಲ್ಲಿ ಕಾಗುಣಿತಕ್ಕೆ, ಅಂದರೆ ಸ್ಪೆಲ್ಲಿಂಗಿಗೆ, ಅಂಕ ಕಳೆಯಬಾರದು. ‘ಗೋಯಿಂಗ್’ ಪದದ ನಡುವೆ ಒಂದು ‘ಇ’ ಹೆಚ್ಚಾದರೆ ಅದು ಕಾಗುಣಿತದ ತಪ್ಪು, ವ್ಯಾಕರಣ ಸರಿಯಾಗಿಯೇ ಇದೆ. ಒಂದೇ ತಪ್ಪಿಗೆ ಎರಡು ಕಡೆ ದಂಡ ಹಾಕುವುದು ನ್ಯಾಯವಲ್ಲ.

ತಪ್ಪುಗಳೂ ಮಾತನಾಡುತ್ತವೆ. 1967ರಲ್ಲಿ ಪಿಟ್ ಕಾರ್ಡರ್ ಎಂಬ ಭಾಷಾಶಾಸ್ತ್ರಜ್ಞ, ಕಲಿಯುವವರ ತಪ್ಪು ಕಲಿಕೆಯ ಗುರುತೇ ಎಂದು ವಾದಿಸಿ ಒಂದು ಲೇಖನ ಬರೆದರು. ‘ಹಿ ಡಾಕ್ಟರ್’ ಎಂದು ಬರೆದ ಕನ್ನಡದ ಹುಡುಗ ದಡ್ಡನಲ್ಲ, ‘ಅವನು ಡಾಕ್ಟರು’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ ಎಂಬುದನ್ನು ಅರಿತವನು. ‘ನನಗೆ ಇಬ್ಬರು ಅಣ್ಣಂದಿರು’ ಎನ್ನುವ ಹುಡುಗಿ ‘ಟು ಮಿ ಟೂ ಬ್ರದರ್ಸ್’ ಎಂದರೆ ಆಕೆ ಕನ್ನಡದ ಹಾದಿಯಲ್ಲೇ ನಡೆದು ಬಂದಿದ್ದಾಳೆ, ಇನ್ನು ಹತ್ತು ಹೆಜ್ಜೆ ಬಾಕಿ. ಖಾಲಿ ಬಿಟ್ಟವರಿಗೂ ಇವರಿಗೂ ಒಂದೇ ಸೊನ್ನೆ ಬೀಳಬಾರದು.

ಎಣಿಸಿ ನೋಡಿದರೆ

ಬಹು ಆಯ್ಕೆಯ ಪ್ರಶ್ನೆಗಳು ಈಗ ಎಲ್ಲೆಲ್ಲೂ ಇವೆ, ತಿದ್ದುವುದು ಸುಲಭ. ಆದರೆ ಒಂದು ಲೆಕ್ಕ ನೋಡಿ. ಎರಡೆರಡು ಆಯ್ಕೆಯ ಹತ್ತು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕುವ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅಂಕ ಬರುವ ಸಂಭವವಿದೆ. ನಾಲ್ಕು ಆಯ್ಕೆ ಕೊಟ್ಟರೂ ಸುಮಾರು ಇಪ್ಪತ್ತೆರಡು ಮಂದಿ ಹಾಗೆಯೇ ಪಾರಾಗುತ್ತಾರೆ. ಅದೃಷ್ಟದಿಂದ ಬಂದ ಅಂಕ ಮಗುವಿಗೆ ಒಳ್ಳೆಯದಲ್ಲವೇ ಎನ್ನಬಹುದು. ಅಲ್ಲ. ‘ಇವನಿಗೆ ಬರುತ್ತದೆ’ ಎಂದು ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಆದ್ದರಿಂದ ಒಂದೇ ವ್ಯಾಕರಣಾಂಶವನ್ನು ಕನಿಷ್ಠ ಮೂರು ಸಲ, ಬೇರೆ ಬೇರೆ ರೂಪದಲ್ಲಿ ಕೇಳಬೇಕಾಗುತ್ತದೆ. ಹಾಗೆ ಕೇಳಲು ಹೊರಟರೆ ಒಂದು ಪತ್ರಿಕೆಯಲ್ಲಿ ಹತ್ತು ಅಂಶಗಳು ಹಿಡಿಸುವುದಿಲ್ಲ, ಮೂರೋ ನಾಲ್ಕೋ ಹಿಡಿಸುತ್ತವೆ. ಹಿಡಿಸಬೇಕಾದದ್ದೂ ಅಷ್ಟೇ.

ಪ್ರಶ್ನೆಯೂ ಪರೀಕ್ಷೆಗೆ ಒಳಗಾಗಬೇಕು. ಅದಕ್ಕೆ ಗಣಕಯಂತ್ರ ಬೇಡ, ಹಾಳೆ ಪೆನ್ಸಿಲ್ ಸಾಕು. ಮೂವತ್ತು ಮಕ್ಕಳ ತರಗತಿ ಎಂದಿಟ್ಟುಕೊಳ್ಳಿ. ಒಟ್ಟು ಅಂಕದ ಪ್ರಕಾರ ಮೇಲಿನ ಹತ್ತು ಮಂದಿಯನ್ನೂ ಕೆಳಗಿನ ಹತ್ತು ಮಂದಿಯನ್ನೂ ಬೇರೆ ಮಾಡಿ, ಒಂದೊಂದು ಪ್ರಶ್ನೆಗೂ ಎರಡೂ ಗುಂಪಿನಲ್ಲಿ ಎಷ್ಟು ಜನ ಸರಿ ಬರೆದಿದ್ದಾರೆಂದು ಎಣಿಸುವುದು. ಮೇಲಿನವರಲ್ಲಿ ಎಂಟು, ಕೆಳಗಿನವರಲ್ಲಿ ಮೂರು ಬಂದರೆ ಪ್ರಶ್ನೆ ಚೆನ್ನಾಗಿದೆ. ಎರಡೂ ಕಡೆ ಹತ್ತು ಬಂದರೆ ಅದು ಎಲ್ಲರಿಗೂ ಗೊತ್ತಿರುವ ವಿಷಯ, ಇನ್ನು ಕಲಿಸುವ ಅಗತ್ಯವಿಲ್ಲ. ಮೇಲಿನವರಲ್ಲಿ ಮೂರು, ಕೆಳಗಿನವರಲ್ಲಿ ಆರು ಬಂದರೆ? ಪ್ರಶ್ನೆಯಲ್ಲೇ ಏನೋ ಐಬಿದೆ. ಬಹುಪಾಲು ಅಲ್ಲಿ ಎರಡು ಸರಿಯುತ್ತರ ಇರುತ್ತವೆ, ಯೋಚಿಸುವ ಮಕ್ಕಳು ಎರಡನೆಯದನ್ನು ಕಂಡುಹಿಡಿದಿರುತ್ತಾರೆ. ಮೇಜಿನ ಬೆಕ್ಕಿನ ಪ್ರಶ್ನೆ ಸಿಕ್ಕಿಬೀಳುವುದು ಹೀಗೆ. ಪತ್ರಿಕೆಯನ್ನು ಇಡೀ ತರಗತಿಗೆ ಕೊಡುವ ಮೊದಲು ಒಂಬತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಕೊಟ್ಟು ನೋಡಿದರೆ ಇನ್ನೂ ಅಗ್ಗ.

ಫಲಿತಾಂಶವನ್ನು ಬರೆದಿಡುವ ರೀತಿಯೂ ಮುಖ್ಯ. ಹೆಸರಿನ ಮುಂದೆ 20ಕ್ಕೆ 7 ಎಂದು ಬರೆದರೆ ಜುಲೈನಲ್ಲಿ ಏನು ಕಲಿಸಬೇಕೆಂದು ತಿಳಿಯುವುದಿಲ್ಲ. ಎಡಗಡೆ ಹೆಸರು, ಮೇಲ್ಗಡೆ ಅಂಶಗಳು: ವಾಕ್ಯದ ಕ್ರಮ, ‘ಈಸ್-ಆರ್’, ಭೂತಕಾಲ, ಸ್ಥಳ ಹೇಳುವ ಪದಗಳು. ಬಂದಿದ್ದರೆ ಗುರುತು, ಬರದಿದ್ದರೆ ಖಾಲಿ. ಒಂದು ಸಾಲನ್ನು ಅಡ್ಡಕ್ಕೆ ಓದಿದರೆ ಮಗುವಿನ ಕಥೆ, ಉದ್ದಕ್ಕೆ ಓದಿದರೆ ಇಡೀ ತರಗತಿಯ ಕಥೆ. ಒಂದು ಕಂಬಸಾಲು ಪೂರ್ತಿ ಖಾಲಿಯಾಗಿದ್ದರೆ ಅದು ಮಕ್ಕಳ ಸೋಲಲ್ಲ. ಆ ಪಾಠವೇ ನಡೆದಿಲ್ಲ ಅಥವಾ ನಡೆದ ರೀತಿ ಸರಿಯಿಲ್ಲ. ಕೆಲವರಿಗೆ ಈ ಹಾಳೆ ಇಷ್ಟವಾಗದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಪಾಲಕರ ಕೈಗೆ ಬಂದಾಗ

1982ರ ಗೋಕಾಕ್ ಚಳವಳಿಯ ಕಾಲದ ಪೀಳಿಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಎ, ಬಿ, ಸಿ, ಡಿ ಕಂಡದ್ದು ಐದನೇ ತರಗತಿಯಲ್ಲಿ. 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ‘ಏಳು ವರ್ಷ ಓದಿದ ಮೇಲೂ ಒಂದು ವಾಕ್ಯ ಬರೆಯಲು ಬಾರದೇ?’ ಎಂದು ತಂದೆ ತಾಯಿ ಕೇಳುವುದು ಇದರಿಂದಲೇ. ವಾರಕ್ಕೆ ಕೆಲವೇ ಗಂಟೆ, ಅದೂ ಹೆಚ್ಚಿನ ಪಾಲು ಕರಿಹಲಗೆಯಿಂದ ನಕಲು ಮಾಡುವುದರಲ್ಲಿ ಕಳೆದ ಏಳು ವರ್ಷಗಳನ್ನು ಏಳು ವರ್ಷವೆಂದು ಎಣಿಸುವುದು ಕಷ್ಟ. ಎಂಟನೇ ತರಗತಿಯಲ್ಲಿ ಆರಂಭದ ಹಂತದ ಪತ್ರಿಕೆ ಬೇಕಾಗುವುದು ನಾಚಿಕೆಯ ವಿಷಯವೇನಲ್ಲ.

ಇಂಗ್ಲಿಷ್ ತಿಳಿಯದ ಪಾಲಕರೂ ಉತ್ತರ ಪತ್ರಿಕೆ ನೋಡಬಹುದು. ಒಟ್ಟು ಅಂಕವನ್ನು ಬಿಟ್ಟು ಖಾಲಿ ಜಾಗಗಳನ್ನು ನೋಡಬೇಕು. ‘ಇಲ್ಲಿ ಏನು ಕೇಳಿದ್ದರು, ಕನ್ನಡದಲ್ಲಿ ಹೇಳು ಮಗಾ’ ಎಂದು ಕೇಳಬೇಕು. ಮಗು ಪ್ರಶ್ನೆಯನ್ನು ಹೇಳಬಲ್ಲದಾದರೆ ತೊಂದರೆ ವ್ಯಾಕರಣದಲ್ಲಿದೆ. ಪ್ರಶ್ನೆಯನ್ನೇ ಹೇಳಲಾರದಾದರೆ ತೊಂದರೆ ಓದಿನಲ್ಲೋ, ಪ್ರಶ್ನೆಪತ್ರಿಕೆಯಲ್ಲೋ ಇದೆ. ವ್ಯಾಕರಣದ ಟ್ಯೂಷನ್ನಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ. ‘ಬಾಯಲ್ಲಿ ಹೇಳಬಲ್ಲೆ, ಬರೆಯಲು ಬರಲಿಲ್ಲ’ ಎನ್ನುವ ಮಕ್ಕಳು ಬಹಳ. ಅಂಥವರಿಗೆ ಒಬ್ಬೊಬ್ಬರಿಗೆ ಎರಡು ನಿಮಿಷದ ಮೌಖಿಕ ಪರೀಕ್ಷೆ ಇಡಬಹುದೇ ಎಂದು ಶಾಲೆಯ ಸಭೆಯಲ್ಲಿ ಕೇಳಿದರೆ ಯಾವ ಮೇಷ್ಟ್ರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಹತ್ತನೇ ತರಗತಿಯಲ್ಲೇ 100 ಅಂಕದಲ್ಲಿ 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕಿರುವಾಗ ಎಂಟರಲ್ಲಿ ಬಾಯಿಮಾತಿಗೆ ಜಾಗ ಮಾಡುವುದು ಅಸಾಧ್ಯವಲ್ಲ.

ಸೇತುಬಂಧದ ಕೊನೆಯ ಸಾಫಲ್ಯ ಪರೀಕ್ಷೆಯಲ್ಲಿ ಮೊದಲಿನ ಪ್ರಶ್ನೆಗಳನ್ನೇ ಮತ್ತೆ ಕೇಳುವ ರೂಢಿ ಕೆಲವೆಡೆ ಇದೆ. ಆಗ ನೆನಪಿನ ಶಕ್ತಿ ಗೊತ್ತಾಗುತ್ತದೆ, ಕಲಿಕೆ ಗೊತ್ತಾಗುವುದಿಲ್ಲ. ಅಂಶಗಳು ಅವೇ ಇರಲಿ, ವಾಕ್ಯಗಳು ಬೇರೆ ಇರಲಿ. ಆಡಿನ ಬದಲು ಎಮ್ಮೆ ಕಾಣೆಯಾಗಲಿ. ಜೂನ್ ತಿಂಗಳ ಪತ್ರಿಕೆಯ ಒಂದಷ್ಟು ಪ್ರತಿಗಳನ್ನು ಮಾತ್ರ ಬೀರುವಿನಲ್ಲಿ ತೆಗೆದಿಡಬೇಕು. ಗುಳೆ ಹೋದ ಮನೆಗಳ ಮಕ್ಕಳು ಎಸ್ಟೇಟಿನಿಂದಲೋ ಕಬ್ಬಿನ ಗದ್ದೆಯಿಂದಲೋ ತಿಂಗಳುಗಳ ನಂತರ ಮರಳಿ ತರಗತಿಗೆ ಬಂದ ದಿನ, ಪುಸ್ತಕದ ಯಾವ ಪುಟದಿಂದ ಶುರುಮಾಡಬೇಕು ಎಂದು ತಿಳಿಯಲು ಅದು ಬೇಕಾಗುತ್ತದೆ.